ಪರದೇಶದಲ್ಲಿದ್ದಾಗ ಮದುವೆಗೆ ಕರೆದರೆ: ಪದೇ ಪದೇ ಕೇಳುವ ಪ್ರಶ್ನೆಗಳು

## ಕರೆ ಬಂದಾಗ

ಎರಡು ದಿನದ ಪರಿಚಯ ಅಷ್ಟೇ, ಮದುವೆಗೆ ಬನ್ನಿ ಅಂತಿದ್ದಾರೆ. ನಿಜವಾಗಿ ಕರೆದದ್ದೋ, ಬಾಯಿಮಾತಿಗೆ ಅಂದದ್ದೋ?

ನಿಜವಾದ ಕರೆಯಲ್ಲಿ ವಿವರ ಇರುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿ, ನಿಮ್ಮನ್ನು ಯಾರು ಕರೆದೊಯ್ಯುತ್ತಾರೆ ಎಂಬುದೆಲ್ಲ ಮಾತಿನ ಜೊತೆಗೇ ಬರುತ್ತದೆ. ಬರೀ "ನೀವೂ ಬರಬೇಕು" ಎಂದು ನಕ್ಕು ಮುಂದೆ ಹೋದರೆ ಅದು ಉಪಚಾರದ ಮಾತು. ಇರಾನಿನಲ್ಲಿ ಇಂಥ ಉಪಚಾರಕ್ಕೆ 'ತಾರೋಫ್' ಎಂಬ ಹೆಸರೇ ಇದೆ. ಅಲ್ಲಿ ಮೊದಲ ಸಲ ನಯವಾಗಿ ಬೇಡವೆನ್ನುವುದು ವಾಡಿಕೆ. ಮನಸ್ಸಿದ್ದವರು ಮತ್ತೆ ಮತ್ತೆ ಕರೆಯುತ್ತಾರೆ. ಬೇರೆ ಕಡೆಯೂ ಒಮ್ಮೆ "ನಿಮಗೆ ತೊಂದರೆಯಾಗುತ್ತದೆ" ಎಂದು ನೋಡಿ. ಎರಡನೆಯ ಸಲ ವಿವರಗಳ ಜೊತೆ ಕರೆದರೆ ಒಪ್ಪಿಕೊಳ್ಳಿ.

ಕರೆಯುತ್ತಿರುವವರು ಮನೆಯವರೋ, ಅವರೂ ನಿಮ್ಮಂತೆ ಅತಿಥಿಯೋ ಎಂಬುದನ್ನು ತಿಳಿದುಕೊಳ್ಳುವುದು ಇದಕ್ಕಿಂತ ಮುಖ್ಯ. ಹೋಟೆಲಿನ ಹುಡುಗ ತನ್ನ ಗೆಳೆಯನ ಅಕ್ಕನ ಮದುವೆಗೆ ನಿಮ್ಮನ್ನು ಎಳೆದುಕೊಂಡು ಹೋಗುವವನಾದರೆ, ಹೊರಡುವ ಮೊದಲು ಆ ಮನೆಯವರನ್ನು ಒಂದು ಮಾತು ಕೇಳಲು ಹೇಳಿ.

ಕೆಲವು ಕಡೆ ಹೇಳದೆ ಹೋದರೂ ನಡೆಯುತ್ತದೆ ಅಂತಾರೆ, ಕೆಲವು ಕಡೆ ಕುರ್ಚಿಯ ಮೇಲೆ ಹೆಸರು ಬರೆದಿರುತ್ತೆ ಅಂತಾರೆ. ಯಾವುದು ಎಂಥದ್ದು ಅಂತ ತಿಳಿಯೋದು ಹೇಗೆ?

ನೀವು ಮೊದಲು ಬಗೆಹರಿಸಿಕೊಳ್ಳಬೇಕಾದ ಪ್ರಶ್ನೆ ಇದೇ. ಒಂದು ಬಗೆಯದು ತಲೆ ಎಣಿಸುವ ಮದುವೆ, ಇನ್ನೊಂದು ಬಾಗಿಲು ತೆರೆದ ಮದುವೆ. ಎಷ್ಟು ಹೊತ್ತಿಗೆ ಹೋಗಬೇಕು, ಮುಯ್ಯಿ ಎಷ್ಟು, ಗೆಳೆಯನನ್ನು ಕರೆದೊಯ್ಯಬಹುದೇ, ಯಾವಾಗ ಹೊರಡಬೇಕು ಎಂಬುದೆಲ್ಲ ಇದನ್ನೇ ಅವಲಂಬಿಸಿದೆ.

ಜಪಾನ್, ಪಶ್ಚಿಮ ಯುರೋಪಿನ ಬಹುಪಾಲು ದೇಶಗಳು ಮತ್ತು ಅಮೆರಿಕದಲ್ಲಿ ತಲೆ ಎಣಿಸುತ್ತಾರೆ. ಬರುತ್ತೀರೋ ಇಲ್ಲವೋ ಎಂದು ಮೊದಲೇ ಉತ್ತರ ಕೊಡಬೇಕು. ಊಟದ ಲೆಕ್ಕ ತಲೆಗಿಷ್ಟರಂತೆ ಛತ್ರಕ್ಕೆ ಹೋಗಿರುತ್ತದೆ, ಮೇಜಿನ ಮೇಲೆ ಹೆಸರಿನ ಚೀಟಿ ಇರುತ್ತದೆ. ಹೇಳದೆ ಹೋದರೆ ಅವರು ನಿಮಗಾಗಿ ಇನ್ಯಾರನ್ನೋ ಎಬ್ಬಿಸಬೇಕಾಗುತ್ತದೆ.

ಮಲೇಷ್ಯಾದ ಮಲಯ್ ಕುಟುಂಬಗಳ 'ಕೆಂಡುರಿ' ಔತಣ, ಇಂಡೋನೇಷ್ಯಾದ ನಿಂತು ಉಣ್ಣುವ ರಿಸೆಪ್ಷನ್, ಉಜ್ಬೇಕಿಸ್ತಾನದಲ್ಲಿ ಬೆಳಗಿನ ಜಾವ ಗಂಡಸರಿಗೆ ಪಲಾವ್ ಬಡಿಸುವ 'ನಹೊರ್ ಓಶ್' ಬಾಗಿಲು ತೆರೆದ ಬಗೆಯವು. ಜನ ಬರುತ್ತಾರೆ, ಹರಸುತ್ತಾರೆ, ಉಣ್ಣುತ್ತಾರೆ, ಮುಂದಿನವರಿಗೆ ಜಾಗ ಬಿಡುತ್ತಾರೆ. ಜರ್ಮನಿಯಲ್ಲಿ ಮದುವೆಗೆ ತಲೆ ಎಣಿಸಿದರೂ ಅದಕ್ಕೂ ಮುಂಚೆ ನಡೆಯುವ 'ಪೋಲ್ಟರ್‌ಆಬೆಂಡ್' ಸಂಜೆಗೆ ಸಾಮಾನ್ಯವಾಗಿ ಕರೆಯೋಲೆಯೇ ಇರುವುದಿಲ್ಲ. ಸುದ್ದಿ ಕೇಳಿದವರು ಹಳೆಯ ಪಿಂಗಾಣಿ ತಟ್ಟೆಗಳನ್ನು ತಂದು ಬಾಗಿಲ ಮುಂದೆ ಒಡೆಯುತ್ತಾರೆ. ಪಿಂಗಾಣಿ, ಮಣ್ಣಿನ ಪಾತ್ರೆ ಆಗುತ್ತದೆ. ಗಾಜು ಮತ್ತು ಕನ್ನಡಿ ಅಪಶಕುನ, ಅವನ್ನು ಒಯ್ಯಬೇಡಿ.

ಕೊರಿಯಾ ಇವೆರಡರ ನಡುವೆ ಬರುತ್ತದೆ. ಮದುವೆ ನೋಡಲು ಯಾರೂ ತಡೆಯುವುದಿಲ್ಲ, ಊಟಕ್ಕೆ ಮಾತ್ರ ಚೀಟಿ ಬೇಕು.

ತಿಳಿಯದಿದ್ದರೆ ಕರೆದವರನ್ನು ಹೀಗೆ ಕೇಳಿ: "ನನಗಾಗಿ ಜಾಗ ಹಿಡಿಯಬೇಕೇ?" ಹೌದೆಂದರೆ ಅದು ಎಣಿಕೆಯ ಮದುವೆ.

ಕಾರ್ಡಿನಲ್ಲಿ ಸಂಜೆಗೆ ಮಾತ್ರ ಬನ್ನಿ ಅಂತಿದೆ. ಇದು ಅವಮಾನ ಅಲ್ವಾ?

ಅಲ್ಲ. ಬ್ರಿಟನ್, ನೆದರ್‌ಲ್ಯಾಂಡ್ಸ್‌ಗಳಲ್ಲಿ ಹಗಲಿನ ಅತಿಥಿ ಬೇರೆ, ಸಂಜೆಯ ಅತಿಥಿ ಬೇರೆ. ಹಗಲಿನವರಿಗೆ ಮದುವೆ ಮತ್ತು ಕುಳಿತು ಉಣ್ಣುವ ಊಟ, ಸಂಜೆಯವರಿಗೆ ಕುಣಿತ ಮತ್ತು ಪಾರ್ಟಿ. ಫ್ರಾನ್ಸಿನಲ್ಲಿ 'ವ್ಯಾಂ ದೊನರ್'ಗೆ ಮಾತ್ರ ಕರೆದಿದ್ದರೆ ಮದುವೆಯ ನಂತರ ಪಾನೀಯ, ಕುರುಕಲು ತಿಂಡಿ, ಮಾತುಕತೆ ಅಷ್ಟೇ. ಒಂದೆರಡು ಗಂಟೆಯ ಬಳಿಕ ಉಳಿದವರು ಊಟದ ಮೇಜಿನತ್ತ ಹೊರಟಾಗ ನೀವು ವಿದಾಯ ಹೇಳಬೇಕು. ತಪ್ಪಾಗುವುದು ಇಲ್ಲೇ. ಗುಂಪಿನ ಜೊತೆ ಒಳಗೆ ಹೋಗಿ ತಮ್ಮ ಹೆಸರಿನ ಚೀಟಿ ಹುಡುಕುತ್ತ ನಿಲ್ಲುವವರಿದ್ದಾರೆ. ಸಂಜೆಯ ಕರೆಯಾದರೆ ಹೊಟ್ಟೆಗೆ ಏನಾದರೂ ಹಾಕಿಕೊಂಡೇ ಹೋಗಿ.

ನನ್ನ ಜೊತೆ ಪ್ರಯಾಣ ಮಾಡ್ತಿರೋ ಗೆಳತಿಯನ್ನೂ ಕರ್ಕೊಂಡು ಹೋಗಬಹುದಾ?

ಎಣಿಕೆಯ ಮದುವೆಯಲ್ಲಿ ಕಾರ್ಡಿನ ಮೇಲೆ ಹೆಸರಿದ್ದವರಿಗೆ ಮಾತ್ರ ಕರೆ. ಗೆಳತಿಯ ಹೆಸರಿಲ್ಲದಿದ್ದರೆ ಕೇಳುವುದೂ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಿದಂತೆ. ಬಾಗಿಲು ತೆರೆದ ಮದುವೆಗೆ ಒಬ್ಬರನ್ನು ಜೊತೆಗೆ ಕರೆದೊಯ್ಯಬಹುದು, ಹಿಂದಿನ ದಿನ ಒಂದು ಮಾತು ತಿಳಿಸಿದರೆ ಸಾಕು. ಹಾಸ್ಟೆಲಿನ ಐದು ಜನರನ್ನು ಕಟ್ಟಿಕೊಂಡು ಹೋಗಬೇಡಿ.

ದಾರಿಯಲ್ಲಿ ಚರ್ಚಿನಲ್ಲೋ ಪುರಭವನದಲ್ಲೋ ಮದುವೆ ನಡೀತಿದ್ರೆ ಒಳಗೆ ಹೋಗಿ ನೋಡಬಹುದಾ?

ಫ್ರಾನ್ಸಿನಲ್ಲಿ ಪುರಭವನದ ಸರ್ಕಾರಿ ಮದುವೆ ಕಾನೂನಿನ ಪ್ರಕಾರ ತೆರೆದ ಬಾಗಿಲಲ್ಲೇ ನಡೆಯಬೇಕು. ಇಂಗ್ಲೆಂಡಿನ ಚರ್ಚುಗಳಲ್ಲೂ ಮದುವೆಯ ಪೂಜೆ ಸಾರ್ವಜನಿಕವೇ. ಹಾಗಾಗಿ ಕೊನೆಯ ಸಾಲಿನಲ್ಲಿ ಸದ್ದಿಲ್ಲದೆ ಕೂತು ನೋಡಲು ಅಡ್ಡಿಯಿಲ್ಲ. ಚಡ್ಡಿ, ಬೆನ್ನುಚೀಲದಲ್ಲಿದ್ದರೆ ಬೇಡ. ಫೋಟೊ ತೆಗೆಯಬೇಡಿ, ಹೊರಗೆ ಬರುವಾಗ ಕುಟುಂಬದ ಸಾಲಿನೊಳಗೆ ಸೇರಬೇಡಿ. ಊಟದ ಜಾಗಕ್ಕೆ ಹಿಂಬಾಲಿಸಿ ಹೋದರೆ ಅದು ಬೇರೆಯೇ ವಿಷಯ.

ಪ್ರವಾಸಿ ವೀಸಾದಲ್ಲಿ ಮದುವೆಗೆ ಹೋಗಬಹುದಾ? ಉಡುಗೊರೆಯ ಹಣ ತಗೊಂಡು ಗಡಿ ದಾಟಿದರೆ ತೊಂದರೆಯಾ?

ಅತಿಥಿಯಾಗಿ ಹೋಗಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಹಣ ಪಡೆದು ಫೋಟೊ ತೆಗೆಯುವುದು, ಹಾಡುವುದು, ಮೆಹಂದಿ ಹಾಕುವುದು ಕೆಲಸವೆನಿಸುತ್ತದೆ, ಅದಕ್ಕೆ ಪ್ರವಾಸಿ ವೀಸಾ ಸಾಲದು. ನಗದಿನ ವಿಷಯಕ್ಕೆ ಬಂದರೆ, ಯುರೋಪಿಯನ್ ಒಕ್ಕೂಟಕ್ಕೆ 10,000 ಯೂರೋ ಅಥವಾ ಹೆಚ್ಚು, ಅಮೆರಿಕಕ್ಕೆ 10,000 ಡಾಲರ್‌ಗಿಂತ ಹೆಚ್ಚು, ಜಪಾನಿಗೆ 10 ಲಕ್ಷ ಯೆನ್‌ಗಿಂತ ಹೆಚ್ಚು ಒಯ್ಯುವವರು ಕಸ್ಟಮ್ಸ್‌ನಲ್ಲಿ ಘೋಷಿಸಬೇಕು. ಮುಯ್ಯಿಯನ್ನು ಆ ದೇಶದ ನೋಟಿನಲ್ಲೇ, ಅಲ್ಲಿಯೇ ಸಿದ್ಧ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ.

## ಉಡುಪು

ಚೀಲದಲ್ಲಿ ಜೀನ್ಸ್, ಟೀ ಶರ್ಟ್ ಬಿಟ್ಟರೆ ಏನೂ ಇಲ್ಲ. ಏನು ಹಾಕಲಿ?

ಬಟ್ಟೆ ಹೊಂದಿಸಬಹುದು, ಶೂ ಹೊಂದಿಸುವುದು ಕಷ್ಟ. ಆದ್ದರಿಂದ ಮೊದಲು ಕಾಲಿಗೆ ನೋಡಿಕೊಳ್ಳಿ. ಮುಂಭಾಗ ಮುಚ್ಚಿದ ಕಪ್ಪು ಅಥವಾ ಕಂದು ಶೂ ಒಂದು ಜೊತೆ ಇದ್ದರೆ, ಕಾಲರ್ ಇರುವ ಇಸ್ತ್ರಿ ಮಾಡಿದ ಶರ್ಟು ಮತ್ತು ಗಾಢ ಬಣ್ಣದ ಪ್ಯಾಂಟಿನಲ್ಲಿ ಗಂಡಸರು ಬಹುತೇಕ ಕಡೆ ಮಾನ ಉಳಿಸಿಕೊಳ್ಳಬಹುದು. ಹೆಂಗಸರಿಗೆ ಭುಜ, ಮೊಣಕಾಲು ಮುಚ್ಚುವ ಉಡುಪು ಮತ್ತು ಎರಡು ಮೀಟರ್ ಉದ್ದದ ಒಂದು ಶಾಲು ಸಾಕು. ಚರ್ಚಿನಲ್ಲಿ ಅದು ಭುಜಕ್ಕೆ, ಮಸೀದಿಯಲ್ಲಿ ತಲೆಗೆ, ರಾತ್ರಿ ಚಳಿಗೆ ಬರುತ್ತದೆ. ಚಪ್ಪಲಿ ಬಿಟ್ಟು ಒಳಗೆ ಹೋಗುವ ಕಡೆ ಎಲ್ಲರ ಕಣ್ಣು ಕಾಲ್ಚೀಲದ ತೂತಿನ ಮೇಲೆಯೇ ಬೀಳುತ್ತದೆ. ಹೊಸದೊಂದು ಜೊತೆ ಕೊಳ್ಳಿ.

ಎಣಿಕೆಯ ಮದುವೆಯ ಕಾರ್ಡಿನಲ್ಲಿ ಉಡುಪಿನ ಸೂಚನೆ ಇದ್ದರೆ ಅದೇ ಅಂತಿಮ. 'ಬ್ಲ್ಯಾಕ್ ಟೈ' ಎಂದರೆ ಬರೀ ಕಪ್ಪು ಟೈ ಅಲ್ಲ, ಟಕ್ಸೀಡೊ ಮತ್ತು ಬೋ. ಬಾಡಿಗೆಗೆ ಸಿಗುತ್ತದೆ, ಅಳತೆಗೆ ಎರಡು ಮೂರು ದಿನ ಮೊದಲೇ ಹೋಗಿ.

ಯಾವ ಬಣ್ಣ ಹಾಕಬಾರದು?

ಯುರೋಪ್, ಅಮೆರಿಕ, ಜಪಾನ್, ಕೊರಿಯಾಗಳಲ್ಲಿ ಹೆಂಗಸರು ಬಿಳಿ, ಕೆನೆ ಬಣ್ಣ ಬಿಡಬೇಕು. ಅದು ಮದುಮಗಳದು. ಚೀನಾದಲ್ಲಿ ಅಪ್ಪಟ ಕೆಂಪು ಮದುಮಗಳಿಗೆ ಮೀಸಲು, ತಲೆಯಿಂದ ಕಾಲಿನವರೆಗೆ ಬಿಳಿಯಾಗಲಿ ಕಪ್ಪಾಗಲಿ ಸೂತಕದ ನೆನಪು ತರುತ್ತದೆ. ಥಾಯ್ಲೆಂಡಿನಲ್ಲೂ ಅಪ್ಪಟ ಕಪ್ಪನ್ನು ತಪ್ಪಿಸಿ. ಜಪಾನಿನಲ್ಲಿ ಗಂಡಸರು ಕಪ್ಪು ಸೂಟು ಹಾಕಬಹುದು, ಆದರೆ ಟೈ ಬಿಳಿಯದೋ ಬೆಳ್ಳಿ ಬಣ್ಣದ್ದೋ ಇರಬೇಕು. ಕಪ್ಪು ಸೂಟಿಗೆ ಕಪ್ಪು ಟೈ ಕಟ್ಟಿದರೆ ಸಾವಿನ ಮನೆಗೆ ಹೊರಟಂತೆ.

ಅವರ ಸಾಂಪ್ರದಾಯಿಕ ಉಡುಗೆ ನಾನೂ ಹಾಕಿದ್ರೆ ವೇಷ ಕಟ್ಟಿದಂತೆ ಕಾಣುತ್ತಾ?

ಅವರೇ ಹಾಕಿಕೊಳ್ಳಿ ಎಂದರೆ ಹಾಕಿಕೊಳ್ಳಿ. ನೀವಾಗಿಯೇ ಹಾಕುವುದಾದರೆ ಸುರಕ್ಷಿತವಾದದ್ದು ಇಂಡೋನೇಷ್ಯಾದ ಉದ್ದ ತೋಳಿನ ಬಾಟಿಕ್ ಶರ್ಟು. ಗಂಡಸರಿಗೆ ಅಲ್ಲಿ ಅದು ಸೂಟಿಗೆ ಸಮ, ಟೈ ಕೂಡ ಬೇಡ. ಮೊರಾಕ್ಕೊದಲ್ಲಿ ಕಫ್ತಾನ್ ಬಾಡಿಗೆಗೆ ಪಡೆದು ಹೋಗುವ ಹೆಂಗಸರನ್ನು ಮನೆಯವರು ಸಂತೋಷದಿಂದಲೇ ನೋಡುತ್ತಾರೆ.

ಜಪಾನಿನ ಕಿಮೊನೊ ಉಡುವುದಾದರೆ ಒಂದನ್ನು ನೆನಪಿಡಿ. ನಿಮ್ಮ ಎಡಗಡೆಯ ಮಡಿಕೆ ಮೇಲೆ ಬರಬೇಕು. ಬಲಗಡೆಯದು ಮೇಲೆ ಬಂದರೆ ಅದು ಶವಕ್ಕೆ ಉಡಿಸುವ ಕ್ರಮ. ಕೊರಿಯಾದಲ್ಲಿ ಹಾನ್‌ಬೊಕ್ ಉಡಬಯಸುವ ಹೆಂಗಸರು ಗುಲಾಬಿ, ನೀಲಿ ಬಿಟ್ಟು ಬೇರೆ ಬಣ್ಣ ಆರಿಸಿಕೊಳ್ಳಿ. ವಾಡಿಕೆಯಂತೆ ಹೆಣ್ಣಿನ ತಾಯಿ ಗುಲಾಬಿಯಲ್ಲೂ ಗಂಡಿನ ತಾಯಿ ನೀಲಿಯಲ್ಲೂ ಇರುತ್ತಾರೆ, ನಿಮ್ಮನ್ನು ಬೀಗಿತ್ತಿ ಎಂದುಕೊಂಡಾರು.

ನೈಜೀರಿಯಾದ 'ಅಶೋ ಎಬಿ' ಇದಕ್ಕಿಂತ ಬೇರೆ. ಮನೆಯವರು ಆರಿಸಿದ ಒಂದೇ ಬಟ್ಟೆಯನ್ನು ಆಪ್ತರೆಲ್ಲ ದುಡ್ಡು ಕೊಟ್ಟು ಕೊಂಡು, ತಮಗೆ ಬೇಕಾದಂತೆ ಹೊಲಿಸಿಕೊಳ್ಳುತ್ತಾರೆ. ನಿಮಗೂ ಕೊಂಡುಕೊಳ್ಳಿ ಎಂದರೆ ಅದು ನಿಮ್ಮನ್ನು ಒಳಗಿನವರೆಂದು ಎಣಿಸಿದ ಗುರುತು, ವ್ಯಾಪಾರ ಎಂದುಕೊಳ್ಳಬೇಡಿ. ದರ್ಜಿಗೆ ಮೂರು ವಾರವಾದರೂ ಬೇಕು. ಅಷ್ಟು ಸಮಯವಿಲ್ಲದಿದ್ದರೆ ಆ ಬಣ್ಣದ ತಲೆವಸ್ತ್ರ ಅಥವಾ ಟೋಪಿ ಮಾತ್ರ ಕೊಂಡರೂ ನಡೆಯುತ್ತದೆ.

## ಮುಯ್ಯಿ, ಉಡುಗೊರೆ

ಎಷ್ಟು ಹಣ ಹಾಕಬೇಕು?

ಮದುಮಕ್ಕಳನ್ನು ಕೇಳಿದರೆ "ಏನೂ ಬೇಡ" ಎನ್ನುತ್ತಾರೆ, ಅದರಿಂದ ಪ್ರಯೋಜನವಿಲ್ಲ. ನಿಮ್ಮಷ್ಟೇ ಸಲುಗೆ ಇರುವ ಇನ್ನೊಬ್ಬ ಅತಿಥಿಯನ್ನು ಕೇಳಿ.

ಜಪಾನಿನಲ್ಲಿ ಗೆಳೆಯರು, ಸಹೋದ್ಯೋಗಿಗಳು ಹಾಕುವುದು 30,000 ಯೆನ್. ಎರಡಾಗಿ ಒಡೆಯಲಾಗದ ಸಂಖ್ಯೆ ಬೇಕು ಎಂಬುದು ಅದರ ಹಿಂದಿನ ನಂಬಿಕೆ. 4 ಮತ್ತು 9 ಬೇಡ. ಒಂದಕ್ಕೆ ಸಾವಿನ ಉಚ್ಚಾರ, ಇನ್ನೊಂದಕ್ಕೆ ಸಂಕಟದ ಉಚ್ಚಾರ. ಕೈಯಲ್ಲಿ 20,000 ಮಾತ್ರ ಇರುವವರು ಹತ್ತು ಸಾವಿರದ ಒಂದು, ಐದು ಸಾವಿರದ ಎರಡು ಹೀಗೆ ನೋಟಿನ ಎಣಿಕೆಯನ್ನಾದರೂ ಮೂರು ಮಾಡುತ್ತಾರೆ. ಹೊಕ್ಕೈಡೊ ದ್ವೀಪದಲ್ಲಿ ಹೆಚ್ಚಾಗಿ ಶುಲ್ಕದ ಪದ್ಧತಿ ಇದೆ. ಕಾರ್ಡಿನಲ್ಲೇ ಮೊತ್ತ ಅಚ್ಚಾಗಿರುತ್ತದೆ, ಬಾಗಿಲಲ್ಲಿ ಅಷ್ಟನ್ನೇ ಕೊಡಬೇಕು, ಅದರ ಮೇಲೆ ಬೇರೆ ಮುಯ್ಯಿ ಬೇಡ.

ಕೊರಿಯಾದಲ್ಲಿ ಅಲ್ಪ ಪರಿಚಯಕ್ಕೆ 50,000 ವಾನ್, ಗೆಳೆತನಕ್ಕೆ 1,00,000. ದೊಡ್ಡ ನಗರದ ಹಾಲ್‌ನಲ್ಲಿ ಊಟವನ್ನೂ ಮಾಡುವುದಾದರೆ 50,000 ಈಗ ಬಿಗಿಯಾಗುತ್ತದೆ. ಚೀನಾದಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಸಮಸಂಖ್ಯೆ ಶುಭ, ಬೆಸ ಸಂಖ್ಯೆಯ ಹಣ ಸಾವಿನ ಮನೆಯದು. 6, 8 ಒಳ್ಳೆಯವು, 4 ಅಲ್ಲಿಯೂ ಬೇಡ. ಜಪಾನಿನಿಂದ ನೇರವಾಗಿ ಚೀನಾಕ್ಕೆ ಹೋದವರು ಎಡವುವುದು ಇಲ್ಲೇ.

ಜಪಾನಿನ ಲಕೋಟೆ ಹೇಗೆ ಸಿದ್ಧ ಮಾಡೋದು? ಒಂದೊಂದಾಗಿ ಹೇಳಿ.

ಮೊದಲು ಹೊಸ ನೋಟು. ಬಳಸಿ ಮಡಿಕೆಯಾದ ನೋಟು ಸಾವಿನ ಮನೆಗೆ, ಹೊಚ್ಚ ಹೊಸದು ಮದುವೆಗೆ. ನಿಮಗಾಗಿ ಮುಂಚೆಯೇ ಸಿದ್ಧತೆ ಮಾಡಿಕೊಂಡಿದ್ದೇವೆ ಎಂಬುದು ಅದರ ಅರ್ಥ. ಬ್ಯಾಂಕಿನ ಕೌಂಟರಿನಲ್ಲಿ ಸಿಗುತ್ತದೆ. ಅಲ್ಲಿ ಖಾತೆಯಿಲ್ಲದ ಪ್ರವಾಸಿ ಉಳಿದುಕೊಂಡ ಹೋಟೆಲಿನ ಮುಂಗಟ್ಟೆಯಲ್ಲಿ ವಿನಂತಿಸಿ ನೋಡಬೇಕು. ಎಟಿಎಂ ಹಳೆಯ ನೋಟು ಕೊಟ್ಟೀತು, ಮದುವೆಯ ಬೆಳಿಗ್ಗೆ ಅದನ್ನು ನಂಬಬೇಡಿ.

ಲಕೋಟೆಗೆ 'ಶುಗಿ ಬುಕುರೊ' ಎಂದು ಕೇಳಿ. ಲೇಖನ ಸಾಮಗ್ರಿಯ ಅಂಗಡಿಯಲ್ಲೂ ಸಣ್ಣ ದಿನಸಿ ಮಳಿಗೆಯಲ್ಲೂ ಇರುತ್ತದೆ. ಮೇಲಿನ ದಾರದ ಗಂಟನ್ನು ಗಮನಿಸಿ. ಎಳೆದರೆ ಬಿಚ್ಚಿಕೊಳ್ಳುವ ಹೂಗಂಟು ಮಗು ಹುಟ್ಟಿದ್ದಕ್ಕೆ, ಅಂಥ ಸಂತೋಷ ಮತ್ತೆ ಬರಲಿ ಎಂದು. ಮದುವೆಗೆ ಬಿಚ್ಚಲಾಗದ ಬಿಗಿಗಂಟೇ ಬೇಕು, ಅದು ಒಮ್ಮೆ ಮಾತ್ರ ಆಗಬೇಕಾದದ್ದು. ಲಕೋಟೆಯ ಆಡಂಬರವೂ ಮೊತ್ತಕ್ಕೆ ತಕ್ಕಂತಿರಲಿ. ದೊಡ್ಡ ಬಂಗಾರದ ಹೂವಿನ ಲಕೋಟೆಯೊಳಗೆ 30,000 ಇಟ್ಟರೆ ನಗೆಪಾಟಲು.

ಒಳಗೆ ಇನ್ನೊಂದು ಸಣ್ಣ ಲಕೋಟೆ ಇರುತ್ತದೆ. ಅದರ ಮುಂಭಾಗದಲ್ಲಿ ಮೊತ್ತ, ಹಿಂಭಾಗದಲ್ಲಿ ವಿಳಾಸ ಮತ್ತು ಹೆಸರು ಬರೆಯಬೇಕು. ಮೊತ್ತಕ್ಕೆ ದಿನಬಳಕೆಯ ಅಂಕಿ ಬೇಡ, ದಸ್ತಾವೇಜಿನ ಹಳೆಯ ಅಕ್ಷರ ಬೇಕು. ಸಾದಾ ಅಕ್ಷರಕ್ಕೆ ಒಂದು ಗೆರೆ ಸೇರಿಸಿ ಮೊತ್ತ ಬದಲಿಸಬಹುದು, ಹಳೆಯದಕ್ಕೆ ಸಾಧ್ಯವಿಲ್ಲ. ನೋಟುಗಳ ಮುಖಚಿತ್ರ ಲಕೋಟೆಯ ಮುಂಭಾಗಕ್ಕೆ, ಮೇಲ್ತುದಿಗೆ ಬರುವಂತೆ ಎಲ್ಲವನ್ನೂ ಒಂದೇ ದಿಕ್ಕಿಗೆ ಇಡಿ.

ಹೊರ ಲಕೋಟೆಯಲ್ಲಿ ಗಂಟಿನ ಕೆಳಗೆ ನಿಮ್ಮ ಹೆಸರು. ಗಾಢ ಕಪ್ಪು ಶಾಯಿಯ ಕುಂಚದ ಪೆನ್ನು ಬಳಸಿ. ನೀರಾದ ಬೂದು ಶಾಯಿ ಶೋಕದ್ದು. ವಿದೇಶಿ ಹೆಸರುಗಳಿಗೆ ಬಳಸುವ ಜಪಾನಿನ 'ಕತಕನ' ಅಕ್ಷರದಲ್ಲಿ ಬರೆದರೆ ಓದುವವರಿಗೆ ಅನುಕೂಲ. ಹಿಂಭಾಗ ಮಡಿಸುವಾಗ ಕೆಳಗಿನ ಮಡಿಕೆ ಮೇಲಿನದರ ಮೇಲೆ ಬರಬೇಕು, ಸುಖ ಸುರಿದರೆ ಹಿಡಿದುಕೊಳ್ಳುವ ಬೊಗಸೆಯಂತೆ. ಇದು ಉಲ್ಟಾ ಆದರೆ ಸಾವಿನ ಲಕೋಟೆ. ಬರೆದದ್ದೆಲ್ಲ ಸರಿಯಾಗಿದ್ದು ಈ ಒಂದು ಮಡಿಕೆ ತಪ್ಪುವುದು ಬಹಳ ಸಾಮಾನ್ಯ.

ಲಕೋಟೆಯನ್ನು ಬರಿಗೈಯಲ್ಲಿ ಒಯ್ಯಬಾರದು. 'ಫುಕುಸ' ಎಂಬ ಚೌಕ ಬಟ್ಟೆಯಲ್ಲಿ ಸುತ್ತಿ, ಸ್ವಾಗತದ ಮೇಜಿನ ಮುಂದೆ ಬಿಚ್ಚಿ, ಅಕ್ಷರಗಳು ತೆಗೆದುಕೊಳ್ಳುವವರ ಕಡೆಗೆ ತಿರುಗುವಂತೆ ಮಾಡಿ ಎರಡು ಕೈಯಲ್ಲಿ ಕೊಡಿ. "ಹೊಂಜಿತ್ಸು ವಾ ಒಮೆದೆತೊ ಗೊಝೈಮಸು" (ಇಂದಿನ ದಿನಕ್ಕೆ ಅಭಿನಂದನೆ) ಎಂದು ಹೇಳಿ ಪುಸ್ತಕದಲ್ಲಿ ಹೆಸರು ಬರೆದರೆ ಮುಗಿಯಿತು.

ಕೊರಿಯಾ, ಥಾಯ್ಲೆಂಡ್, ಇಂಡೋನೇಷ್ಯಾದಲ್ಲೂ ಇಷ್ಟೆಲ್ಲಾ ಇದೆಯಾ?

ಇಲ್ಲ. ಕೊರಿಯಾದಲ್ಲಿ ಸಾದಾ ಬಿಳಿ ಲಕೋಟೆ, ಹಿಂಭಾಗದ ಎಡ ಕೆಳಮೂಲೆಯಲ್ಲಿ ಉದ್ದಕ್ಕೆ ಹೆಸರು. ಗಂಡಿನ ಕಡೆಗೆ ಒಂದು ಮೇಜು, ಹೆಣ್ಣಿನ ಕಡೆಗೆ ಇನ್ನೊಂದು. ನಿಮ್ಮನ್ನು ಕರೆದವರ ಮೇಜಿಗೇ ಕೊಡಬೇಕು, ಏಕೆಂದರೆ ಯಾರು ಎಷ್ಟು ಕೊಟ್ಟರು ಎಂದು ಬರೆದಿಟ್ಟು ಮುಂದೆ ಅಷ್ಟನ್ನೇ ಹಿಂತಿರುಗಿಸುವ ಹೊಣೆ ಆ ಕುಟುಂಬದ್ದು. ಲಕೋಟೆ ಕೊಟ್ಟಾಗ ಊಟದ ಚೀಟಿ ಕೊಡುತ್ತಾರೆ, ಕೊಡದಿದ್ದರೆ ಕೇಳಿ ಪಡೆಯಿರಿ.

ಥಾಯ್ಲೆಂಡಿನಲ್ಲಿ ಕರೆಯೋಲೆ ಬಂದ ಲಕೋಟೆಯಲ್ಲೇ ಹಣವಿಟ್ಟು ಬಾಗಿಲ ಬಳಿಯ ಪೆಟ್ಟಿಗೆಗೆ ಹಾಕುವುದು ರೂಢಿ, ಹಾಗಾಗಿ ಅದನ್ನು ಹರಿದು ಬಿಸಾಡಬೇಡಿ. ಇಂಡೋನೇಷ್ಯಾದಲ್ಲಿ ಪುಸ್ತಕದಲ್ಲಿ ಹೆಸರು ಬರೆದು ಲಕೋಟೆಯನ್ನು ಪೆಟ್ಟಿಗೆಗೆ ಹಾಕಿ, ವೇದಿಕೆಯ ಸಾಲಿಗೆ ಸೇರಿ. ನೆದರ್‌ಲ್ಯಾಂಡ್ಸ್‌ನ ಕಾರ್ಡಿನ ಮೂಲೆಯಲ್ಲಿ ಪುಟ್ಟ ಲಕೋಟೆಯ ಚಿತ್ರವಿದ್ದರೆ ನಗದನ್ನೇ ಬಯಸಿದ್ದಾರೆ ಎಂದರ್ಥ.

ಮದುಮಕ್ಕಳ ಮೇಲೆ ನೋಟು ತೂರುತ್ತಾರೆ, ಬಟ್ಟೆಗೆ ಪಿನ್ ಮಾಡ್ತಾರೆ. ನಾನೂ ಮಾಡಬಹುದಾ?

ನೈಜೀರಿಯಾದಲ್ಲಿ ಬೇಡ. ಮದುವೆಯ ಕುಣಿತದಲ್ಲಿ ನೋಟು ಹಚ್ಚುವುದು, ತೂರುವುದು ಅಲ್ಲಿ ಎಲ್ಲರೂ ಕಂಡದ್ದೇ. ಆದರೆ ಕೇಂದ್ರ ಬ್ಯಾಂಕಿನ 2007ರ ಕಾಯ್ದೆಯ 21ನೇ ವಿಧಿಯಂತೆ ನೈರಾ ನೋಟನ್ನು ತೂರುವುದು, ಅದರ ಮೇಲೆ ಕುಣಿಯುವುದು, ತುಳಿಯುವುದು ಅಪರಾಧ. ಕನಿಷ್ಠ 6 ತಿಂಗಳ ಸೆರೆ ಅಥವಾ 50,000 ನೈರಾಗೆ ಕಡಿಮೆಯಿಲ್ಲದ ದಂಡ ಅಥವಾ ಎರಡೂ. ಬಹುಕಾಲ ಕಾಗದದ ಮೇಲಿದ್ದ ಈ ವಿಧಿಯಡಿ 2024ರಲ್ಲಿ ಹೆಸರಾಂತರೊಬ್ಬರಿಗೇ ಆರು ತಿಂಗಳ ಸೆರೆಯಾಯಿತು. ಪಕ್ಕದವರು ನೋಟಿನ ಕಟ್ಟು ಕೈಗಿಟ್ಟರೂ ನೀವು ಲಕೋಟೆ ಕೊಡಿ.

ಟರ್ಕಿಯ 'ತಕಿ' ಸಮಾರಂಭ ಕಾನೂನುಬದ್ಧ, ಶಿಸ್ತಿನದು. ಸಾಲಾಗಿ ಹೋಗಿ ಮದುಮಗಳ ಕೊರಳಿನ ಪಟ್ಟಿಗೆ ಚಿನ್ನದ ನಾಣ್ಯವನ್ನೋ ನೋಟನ್ನೋ ಪಿನ್ ಮಾಡುತ್ತಾರೆ. ಕೆಲವು ಕಡೆ ಕೊಟ್ಟದ್ದನ್ನು ಮೈಕಿನಲ್ಲಿ ಹೇಳುವುದೂ ಉಂಟು. ಸಾಮಾನ್ಯವಾಗಿ ಕೊಡುವುದು 'ಚೇರೆಕ್', ಅಂದರೆ ಕಾಲು ನಾಣ್ಯ: 22 ಕ್ಯಾರೆಟ್, 1.75 ಗ್ರಾಂ. ಚಿನ್ನದ ಅಂಗಡಿಯಲ್ಲಿ ಕೆಂಪು ರಿಬ್ಬನ್, ಪಿನ್ನು ಸಮೇತ ಕೊಡುತ್ತಾರೆ. ಚಿನ್ನದ ಬೆಲೆ ಏರಿದ ಮೇಲೆ ಅಲ್ಲಿಯ ಎಷ್ಟೋ ಅತಿಥಿಗಳೇ ನೋಟಿಗೆ ಇಳಿದಿದ್ದಾರೆ, ನೀವು ನಾಚಬೇಕಾಗಿಲ್ಲ. ಫಿಲಿಪ್ಪೀನ್ಸ್‌ನ ಹಣದ ನೃತ್ಯದಲ್ಲೂ ಪಿನ್ ಮಾಡುತ್ತಾರೆ. ಬಟ್ಟೆಯ ಮೇಲ್ಪದರಕ್ಕೆ ಮಾತ್ರ ಚುಚ್ಚಿ, ಮೈಗಲ್ಲ.

ಹೂವು ತಗೊಂಡು ಹೋದರೆ ಸಾಲದಾ?

ಪೋಲೆಂಡ್, ಉಕ್ರೇನ್, ರಷ್ಯಾಗಳಲ್ಲಿ ಹೂವು ಒಯ್ಯಬಹುದು, ಎಣಿಕೆ ಬೆಸವಾಗಿರಬೇಕು. ಸಮಸಂಖ್ಯೆಯ ಹೂವು ಗೋರಿಗೆ. ಪೋಲೆಂಡಿನಲ್ಲಿ ಸೇವಂತಿಗೆಯೂ ಗೋರಿಯದೇ. ಈಚೆಗೆ ಅಲ್ಲಿ ಹೂವಿನ ಬದಲು ಪುಸ್ತಕವನ್ನೋ ಲಾಟರಿ ಚೀಟಿಯನ್ನೋ ತನ್ನಿ ಎಂದು ಕಾರ್ಡಿನಲ್ಲೇ ಕೇಳುವವರಿದ್ದಾರೆ. ಚೀನೀಯರಿಗೆ ಗಡಿಯಾರ ಕೊಡಬೇಡಿ. 'ಗಡಿಯಾರ ಕೊಡು' ಎಂಬ ಮಾತು ಕೊನೆಗಾಲದ ಸೇವೆ ಎಂಬ ಮಾತಿನಂತೆಯೇ ಕೇಳಿಸುತ್ತದೆ.

## ಮದುವೆಯ ದಿನ

ಎಷ್ಟು ಹೊತ್ತಿಗೆ ಹೋಗಿ ಮುಟ್ಟಬೇಕು?

ಜಪಾನಿನಲ್ಲಿ ಅರ್ಧ ಗಂಟೆ ಮೊದಲು. ಕೊರಿಯಾದ ಹಾಲ್‌ನಲ್ಲಿ ಮದುವೆ ಇಪ್ಪತ್ತು ಮೂವತ್ತು ನಿಮಿಷದಲ್ಲೇ ಮುಗಿಯುತ್ತದೆ, ಅದರ ಬೆನ್ನಿಗೇ ಇನ್ನೊಂದು ಜೋಡಿ. ಕಾಲು ಗಂಟೆ ತಡವಾದರೆ ನಿಮಗೆ ಕಾಣುವುದು ಗುಂಪು ಫೋಟೊ. ಶ್ರೀಲಂಕಾದ ಸಿಂಹಳ ಮದುವೆಯಲ್ಲಿ 'ನಕತ', ಅಂದರೆ ಮುಹೂರ್ತ, ನಿಮಿಷದ ಲೆಕ್ಕದ್ದು, ಕಾರ್ಡಿನಲ್ಲಿ 10.17 ಎಂದಿದ್ದರೆ 10.17ಕ್ಕೇ ನಡೆಯುತ್ತದೆ.

ಹಾಂಗ್‌ಕಾಂಗ್‌ನ ಕಾರ್ಡಿನಲ್ಲಿ ಎರಡು ಸಮಯ ಇರುತ್ತದೆ, ಬರಮಾಡಿಕೊಳ್ಳುವುದು ಒಂದು, ಊಟಕ್ಕೆ ಕೂರುವುದು ಇನ್ನೊಂದು. ನಡುವಿನ ಒಂದೆರಡು ಗಂಟೆಯಲ್ಲಿ ಜನ ಇಸ್ಪೀಟು, ಮಾಜಾಂಗ್ ಆಡುತ್ತಾರೆ. ಮೊರಾಕ್ಕೊದ ಮದುವೆ ರಾತ್ರಿ ತಡವಾಗಿ ಶುರುವಾಗಿ ಬೆಳಗಿನವರೆಗೆ ನಡೆಯುತ್ತದೆ. ಮಧ್ಯಾಹ್ನ ನಿದ್ದೆ ಮಾಡಿ ಹೋಗಿ, ಮರುದಿನ ಬೆಳಿಗ್ಗೆ ವಿಮಾನ ಇಟ್ಟುಕೊಳ್ಳಬೇಡಿ. ಮಲಯ್ ಕೆಂಡುರಿಗೆ 11ರಿಂದ 4 ಎಂದಿದ್ದರೆ ಯಾವಾಗಲಾದರೂ ಸರಿ, ಮದುಮಕ್ಕಳು ಪೀಠದಲ್ಲಿ ಕೂರುವ ಹೊತ್ತನ್ನು ಮಾತ್ರ ಕೇಳಿಕೊಳ್ಳಿ.

ಅವರ ಧರ್ಮದ ಪೂಜೆ ನಡೆಯುವಾಗ ನಾನೇನು ಮಾಡಲಿ?

ಎರಡು ಮೂರು ಸಾಲು ಹಿಂದೆ ಕೂತು ಮುಂದಿನವರು ಎದ್ದಾಗ ಎದ್ದು, ಕೂತಾಗ ಕೂರಬೇಕು. ಮೊಣಕಾಲೂರುವುದು, ಪ್ರಾರ್ಥನೆ ಹೇಳುವುದು ಕಡ್ಡಾಯವಲ್ಲ. ಕ್ಯಾಥೊಲಿಕ್ ಚರ್ಚಿನಲ್ಲಿ ಪೂರ್ಣ ಬಲಿಪೂಜೆ (ಮಾಸ್ ಎಂಬ ಪ್ರಾರ್ಥನಾವಿಧಿ) ಇದ್ದರೆ ಸುಮಾರು ಒಂದು ಗಂಟೆ ಹಿಡಿಯುತ್ತದೆ. ಪ್ರಸಾದದ ರೊಟ್ಟಿಗೆ ಸಾಲು ನಿಂತಾಗ ಕ್ಯಾಥೊಲಿಕರಲ್ಲದವರು ಕೂತಲ್ಲೇ ಇರಬೇಕು. ಅದು ತಿಂಡಿ ಹಂಚಿದಂತಲ್ಲ. ಆರ್ಥೊಡಾಕ್ಸ್ ಚರ್ಚುಗಳಲ್ಲಿ ಹಲವು ಕಡೆ ಕುರ್ಚಿಯೇ ಇರುವುದಿಲ್ಲ, ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ರಷ್ಯಾದಲ್ಲಿ ಹೆಂಗಸರು ತಲೆಗೆ ವಸ್ತ್ರ ಹಾಕಬೇಕು.

ಯಹೂದಿ ಮದುವೆಯಲ್ಲಿ ಗಂಡಸರು ಧರಿಸುವ ಪುಟ್ಟ ಟೋಪಿಯನ್ನು ಸಾಮಾನ್ಯವಾಗಿ ಬಾಗಿಲಲ್ಲೇ ಇಟ್ಟಿರುತ್ತಾರೆ. ಮದುಮಗ ಗಾಜನ್ನು ಕಾಲಿನಡಿ ಒಡೆದಾಗ ಎಲ್ಲರೂ "ಮಝೆಲ್ ತೊವ್" ಎಂದು ಕೂಗುತ್ತಾರೆ, ನೀವೂ ಕೂಗಿ. ಥಾಯ್ಲೆಂಡಿನಲ್ಲಿ ಶಂಖದಿಂದ ವಧೂವರರ ಕೈಗೆ ನೀರೆರೆಯಲು ಕರೆದರೆ ಹಿರಿಯರು ಮುಗಿಸಲಿ, ನಂತರ ಹೋಗಿ. ನಾಲ್ಕು ಹನಿ ಸಾಕು, ಶಂಖ ಖಾಲಿ ಮಾಡಬೇಡಿ. ನೆಲದಲ್ಲಿ ಕೂತಾಗ ಪಾದ ಯಾರ ಕಡೆಗೂ ಚಾಚಬಾರದು.

ಫೋಟೊ, ವಿಡಿಯೊ ತೆಗೆದು ಜಾಲತಾಣದಲ್ಲಿ ಹಾಕಬಹುದಾ?

ಮದುಮಕ್ಕಳು ತಮ್ಮ ಫೋಟೊ ಹಾಕುವ ಮೊದಲು ನೀವು ಹಾಕಬೇಡಿ. ಪೂಜೆಯ ಹೊತ್ತಿಗೆ ಫೋನು ಜೇಬಿನಲ್ಲಿರಲಿ, ನಡುದಾರಿಗೆ ಇಳಿದರೆ ದುಡ್ಡು ಕೊಟ್ಟು ಕರೆಸಿದ ಛಾಯಾಗ್ರಾಹಕನ ಚಿತ್ರದಲ್ಲಿ ನಿಮ್ಮ ಬೆನ್ನು ಉಳಿಯುತ್ತದೆ. ಕೊಲ್ಲಿ ದೇಶಗಳಲ್ಲಿ ಹೆಂಗಸರ ಹಾಲಿನ ಬಾಗಿಲಲ್ಲಿ ಫೋನು ತೆಗೆದಿಟ್ಟುಕೊಳ್ಳುವುದು ಅಥವಾ ಕ್ಯಾಮೆರಾಗೆ ಸ್ಟಿಕ್ಕರ್ ಅಂಟಿಸುವುದು ಸಾಮಾನ್ಯ. ಅಲ್ಲಿ ಪರದೆ ತೆಗೆದು ಕೂತ ಹೆಂಗಸರ ಒಂದು ಫೋಟೊ ಹೊರಗೆ ಹೋದರೂ ಮನೆ ಮುರಿಯುವಷ್ಟು ಗಲಾಟೆ, ಅದಕ್ಕೇ ಈ ಬಿಗಿ.

ಮಾಂಸ ತಿನ್ನಲ್ಲ, ಕುಡಿಯಲ್ಲ. ಬೇಡ ಅಂದರೆ ಬೇಜಾರಾಗ್ತಾರಾ?

ಊಟದ ವಿಷಯವನ್ನು ಬರುತ್ತೇನೆ ಎಂದು ಉತ್ತರಿಸುವಾಗಲೇ ತಿಳಿಸಿ, ಮೇಜಿನಲ್ಲಿ ಕೂತ ಮೇಲೆ ಅಲ್ಲ. "ಸಸ್ಯಾಹಾರಿ" ಎಂಬ ಒಂದು ಪದ ಸಾಲದು, ಯಾವ್ಯಾವುದು ಬೇಡ ಎಂದು ಹೆಸರಿಸಿ ಬರೆಯಿರಿ: ಮಾಂಸ, ಕೋಳಿ, ಮೀನು, ಮೀನಿನ ಸಾರು, ಮೊಟ್ಟೆ. ಜಪಾನಿನಲ್ಲಿ ತರಕಾರಿಯನ್ನೂ ಒಣಮೀನಿನ ಸಾರಿನಲ್ಲಿ ಬೇಯಿಸುವುದರಿಂದ ಈ ವಿವರ ಮುಖ್ಯ. ಬಾಗಿಲು ತೆರೆದ ಮದುವೆಯಲ್ಲಿ ಒಂದೇ ಅಡುಗೆ ಸಾವಿರ ಜನಕ್ಕೆ. ಅನ್ನ, ಹಣ್ಣು, ಸಿಹಿ ತಿಂದು ತಟ್ಟೆ ಹಿಡಿದು ನಿಂತರೂ ಮನೆಯವರಿಗೆ ಸಮಾಧಾನ. ಹೋಗುವ ಮೊದಲು ಉಂಡುಕೊಳ್ಳಿ.

ಕುಡಿತಕ್ಕೆ ಉಪಾಯ ಬೇರೆ. ಖಾಲಿ ಲೋಟ ಕಂಡರೆ ತುಂಬಿಸುವುದು ಆತಿಥ್ಯದ ಧರ್ಮ, ಆದ್ದರಿಂದ ಲೋಟ ತುಂಬಿಯೇ ಇರಲಿ. ತುಟಿಗೆ ತಾಗಿಸಿ ಇಳಿಸಿ. ಚೀನಾದಲ್ಲಿ ಮದುಮಕ್ಕಳು ಮೇಜಿಗೆ ಬಂದಾಗ ಚಹಾದ ಬಟ್ಟಲನ್ನೇ ಎರಡು ಕೈಯಲ್ಲಿ ಎತ್ತಿ, ಅಂಚು ಅವರ ಬಟ್ಟಲಿಗಿಂತ ತುಸು ಕೆಳಗಿರಲಿ. ಜಾರ್ಜಿಯಾದಲ್ಲಿ ಔತಣದ ಹಾರೈಕೆಗಳನ್ನು ನಡೆಸಿಕೊಡುವ 'ತಮಾದಾ' ಮಾತಾಡಿ ಮುಗಿಸುವವರೆಗೆ ವೈನ್ ಕುಡಿಯುವಂತಿಲ್ಲ, ಕುಡಿಯದವರಿಗೆ ಅದು ಅನುಕೂಲವೇ. ಕಾರಣ ಉದ್ದ ಹೇಳಬೇಡಿ, "ಔಷಧಿ" ಎಂದರೆ ಎಲ್ಲ ದೇಶದಲ್ಲೂ ಅರ್ಥವಾಗುತ್ತದೆ.

## ಸ್ವಲ್ಪ ಕಷ್ಟದ ಸಂದರ್ಭಗಳು

ದೂರದಿಂದ ಬಂದ ಅತಿಥಿ ಅಂತ ಮೈಕ್ ಕೈಗೆ ಕೊಟ್ಟರೆ?

ಒಂದು ನಿಮಿಷ, ನಾಲ್ಕು ವಾಕ್ಯ. ಅವರ ಭಾಷೆಯಲ್ಲಿ ನಮಸ್ಕಾರ, ಕರೆದದ್ದಕ್ಕೆ ತಂದೆತಾಯಿಗೆ ವಂದನೆ, ವಧೂವರರಿಗೆ ಒಂದು ಹಾರೈಕೆ, ಮತ್ತೆ ಅವರ ಭಾಷೆಯಲ್ಲಿ ಅಭಿನಂದನೆ. ಅನುವಾದ ಮಾಡುವವರಿದ್ದರೆ ಪ್ರತಿ ವಾಕ್ಯಕ್ಕೂ ನಿಲ್ಲಿಸಿ. ನಗೆಹನಿ ಅನುವಾದದಲ್ಲಿ ಸಾಯುತ್ತದೆ. ಜಪಾನಿನಲ್ಲಿ ಕತ್ತರಿಸು, ಮುಗಿಯಿತು, ಅಗಲು, ಹಿಂತಿರುಗು, 'ಮತ್ತೆ ಮತ್ತೆ' ಎಂಬ ಅರ್ಥದ ಮಾತುಗಳನ್ನು ಮದುವೆಯಲ್ಲಿ ಆಡುವುದಿಲ್ಲ, ಅನುವಾದಕರಿಗೆ ಮೊದಲೇ ತೋರಿಸಿ. ಪೋಲೆಂಡಿನಲ್ಲಿ ಕೊನೆಗೆ "ಗೋಷ್ಕೊ!" ಅಂದುಬಿಡಿ. ಕಹಿ ಎಂದರ್ಥ. ಇಡೀ ಸಭೆ ಅದನ್ನೇ ಕೂಗುತ್ತದೆ, ಕಹಿ ಹೋಗಲೆಂದು ವಧೂವರರು ಮುತ್ತಿಡುತ್ತಾರೆ, ನಿಮ್ಮ ಭಾಷಣವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಎಲ್ಲರೂ ನನ್ನ ಜೊತೆಗೇ ಫೋಟೊ ತೆಗೆಸಿಕೊಳ್ತಿದ್ದಾರೆ, ಮದುಮಗಳನ್ನ ಬಿಟ್ಟು. ಏನು ಮಾಡೋದು?

ಪ್ರವಾಸಿಗಳು ಕಡಿಮೆ ಇರುವ ಊರುಗಳಲ್ಲಿ ಇದು ಆಗಿಯೇ ಆಗುತ್ತದೆ. ವಧೂವರರು ಒಳಬರುವಾಗ, ಉಂಗುರ ಬದಲಿಸುವಾಗ, ಹಿರಿಯರು ಹರಸುವಾಗ ಕಂಬದ ಹಿಂದಾದರೂ ಸರಿ, ಹಿಂದಕ್ಕೆ ಸರಿಯಿರಿ. ಗುಂಪು ಫೋಟೊದಲ್ಲಿ ಅಂಚಿನಲ್ಲಿ ನಿಲ್ಲಿ, ಬೇಡವಾದರೆ ಕತ್ತರಿಸಲು ಅವರಿಗೂ ಸುಲಭ. ಕುಣಿಯಲು ಎಳೆದರೆ ಒಂದು ಸುತ್ತು ಕುಣಿದು ಬನ್ನಿ. ಮುಂದೆ ಕೂರಿಸಿದರೆ ಮಾತ್ರ ಮನೆಯವರು ಹೇಳಿದಲ್ಲೇ ಕೂರಬೇಕು, ಅಲ್ಲಿ ವಿನಯ ತೋರಿಸಲು ಹೋದರೆ ಅವರಿಗೆ ಮುಜುಗರ.

ನಾವು ಗಂಡ ಹೆಂಡತಿ. ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಹಾಲ್ ಇದ್ದರೆ?

ಬಾಗಿಲಲ್ಲಿ ಅಗಲುವ ಮೊದಲೇ ಎಷ್ಟು ಗಂಟೆಗೆ, ಎಲ್ಲಿ ಸೇರುವುದು ಎಂದು ಮಾತಾಡಿಕೊಳ್ಳಿ. ಫೋನು ಒಳಗಿಟ್ಟುಕೊಂಡರೆ ಒಬ್ಬರನ್ನೊಬ್ಬರು ತಲುಪಲು ದಾರಿಯಿರುವುದಿಲ್ಲ. ಹೋಟೆಲಿನ ವಿಳಾಸ, ಟ್ಯಾಕ್ಸಿಯ ದುಡ್ಡು ಇಬ್ಬರ ಬಳಿಯೂ ಇರಲಿ. ಗಂಡಸರ ಕಡೆ ಸಾಮಾನ್ಯವಾಗಿ ಬೇಗ ಮುಗಿಯುತ್ತದೆ, ಗಂಡ ಹೊರಗೆ ಕಾಯಲು ಸಿದ್ಧನಿರಬೇಕು. ಎದುರಿಗಿನ ಹೆಂಗಸು ತಾನಾಗಿ ಕೈ ಚಾಚದಿದ್ದರೆ ಗಂಡಸು ಕೈ ಚಾಚಬಾರದು, ಎದೆಯ ಮೇಲೆ ಅಂಗೈಯಿಟ್ಟು ತಲೆ ಬಾಗಿಸಿದರೆ ಸಾಕು.

ಸಂತೋಷಕ್ಕೆ ಗಾಳಿಯಲ್ಲಿ ಗುಂಡು ಹಾರಿಸೋಕೆ ಶುರು ಮಾಡಿದರೆ?

ತಕ್ಷಣ ಕಾಂಕ್ರೀಟ್ ಚಾವಣಿಯ ಕೆಳಗೆ ಹೋಗಿ. ಶಾಮಿಯಾನ, ತಗಡು ಸಾಲದು. ಯೆಮೆನ್, ಇರಾಕ್, ಲೆಬನಾನ್‌ನಂಥ ಕಡೆ ಇದು ಹಳೆಯ ಚಾಳಿ. ಮೇಲೆ ಹೋದ ಗುಂಡು ಕೆಳಗೆ ಬಿದ್ದೇ ಬೀಳುತ್ತದೆ, ಜನ ಸತ್ತದ್ದೂ ಇದೆ. ಬಂದೂಕು ಹಿಡಿದು ಫೋಟೊ ತೆಗೆಸಿಕೊಳ್ಳಿ ಎಂದರೆ ನಯವಾಗಿ ಬೇಡವೆನ್ನಿ. ಆಮೇಲೆ ಹೊರಡುವುದೇ ಲೇಸು.

ಯಾವಾಗ ಹೊರಡಬಹುದು?

ಮಲಯ್, ಇಂಡೋನೇಷ್ಯಾದ ಮದುವೆಗಳಲ್ಲಿ ಒಂದು ಗಂಟೆ ಧಾರಾಳ. ಇನ್ನೂ ಕೂತಿದ್ದರೆ ಮುಂದಿನವರ ಜಾಗ ಹಿಡಿದಂತೆ. ಜಪಾನಿನ ರಿಸೆಪ್ಷನ್ ಎರಡು, ಎರಡೂವರೆ ಗಂಟೆ. ನಡುವೆ ಎದ್ದು ಹೋಗುವಂತಿಲ್ಲ. ಕುರ್ಚಿಯ ಬಳಿ ಇಟ್ಟ ಉಡುಗೊರೆ ಚೀಲ ನಿಮ್ಮದೇ, ಬಿಟ್ಟು ಬರಬೇಡಿ. ಅದಾದ ಮೇಲಿನ 'ನಿಜಿಕೈ' ಗೆಳೆಯರ ಕೂಟ, ಅದಕ್ಕೆ ಬೇರೆ ಶುಲ್ಕ. ಪೋಲೆಂಡಿನಲ್ಲಿ ನಡುರಾತ್ರಿಯ 'ಒಚೆಪಿನಿ' ನೋಡದೆ ಹೊರಟರೆ ಮನೆಯವರು ಬೇಸರಪಡುತ್ತಾರೆ. ಮದುಮಗಳ ತಲೆಯ ಮುಸುಕು ತೆಗೆಯುವ ಹೊತ್ತು ಅದು. ಮರುದಿನ 'ಪೊಪ್ರವಿನಿ' ಎಂದು ಇನ್ನೊಂದು ಸುತ್ತು ಊಟ ಇದ್ದರೂ ಇದ್ದೀತು. ವಾಪಸು ಹೋಗುವ ವಾಹನವನ್ನು ಹಗಲಿನಲ್ಲೇ ಗೊತ್ತು ಮಾಡಿಕೊಳ್ಳಿ. ಹಳ್ಳಿಯ ಛತ್ರದಿಂದ ರಾತ್ರಿ ಎರಡಕ್ಕೆ ಟ್ಯಾಕ್ಸಿ ಸಿಗುವುದಿಲ್ಲ, ಕುಡಿದವರ ಕಾರಿನಲ್ಲಿ ಹತ್ತುವಂತಿಲ್ಲ.

ಬರ್ತೀನಿ ಅಂದಿದ್ದೆ, ಈಗ ಹೋಗೋಕಾಗ್ತಿಲ್ಲ. ಏನು ಮಾಡಲಿ?

ಬಾಗಿಲು ತೆರೆದ ಮದುವೆಯಾದರೆ ಕರೆದವರಿಗೆ ಒಂದು ಸಂದೇಶ ಸಾಕು. ಎಣಿಕೆಯ ಮದುವೆಯಾದರೆ ಗೊತ್ತಾದ ಗಳಿಗೆಯಲ್ಲೇ ಫೋನು ಮಾಡಿ. ಮದುವೆಯ ದಿನವೇ ಆದರೆ ಮದುಮಕ್ಕಳಿಗೆ ಮಾಡಬೇಡಿ, ಛತ್ರದ ಅಥವಾ ಹೋಟೆಲಿನ ಕಚೇರಿಗೆ ತಿಳಿಸಿ, ಮೇಜು ಹೊಂದಿಸುವುದು ಅವರ ಕೆಲಸ. ಊಟದ ದುಡ್ಡು ಆಗಲೇ ಕಟ್ಟಿಯಾಗಿರುತ್ತದೆ. ಜಪಾನಿನಲ್ಲಿ ಕೊನೆಯ ದಿನಗಳಲ್ಲಿ ತಪ್ಪಿಸಿಕೊಂಡವರು ಮುಯ್ಯಿಯನ್ನು ಪೂರ್ತಿ ಕಳಿಸುವುದು ಮರ್ಯಾದೆ. ಅಂಚೆಯಲ್ಲಾದರೆ ನಗದು ಕಳಿಸುವ ನೋಂದಾಯಿತ ಲಕೋಟೆಯೇ ಬೇರೆ ಇದೆ, 'ಗೆಂಕಿನ್ ಕಕಿತೊಮೆ' ಎಂದು ಅಂಚೆ ಕಚೇರಿಯಲ್ಲಿ ಕೇಳಿ. ಶುಗಿ ಬುಕುರೊವನ್ನು ಹಾಗೇ ಅದರೊಳಗೆ ಇಡಬಹುದು, ಜೊತೆಗೆ ಎರಡು ಸಾಲಿನ ಕಾಗದ.